ಅಕ್ಷದ ಮೇಲಿನ ಅಂಕಿ ಎಲ್ಲಿಂದ ಬಂತು?

ಹೋದ ಸಲ ಪ್ರಯೋಗಾಲಯದ ಕ್ಯಾಮೆರಾಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ಚಿತ್ರ ಬರುತ್ತದೆ, ಪಕ್ಕದ ಅಂಕಿ ಸರಿಯಿಲ್ಲ. ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಮೀಸಲು. ಬೇರೆ ವಿಷಯ ಕೇಳಿದವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಾಳಿ.

ಪ್ರಶ್ನೆ: ಮೊದಲು ಉಪಕರಣಗಳನ್ನು ನಡೆಸಲು ಲ್ಯಾಬ್‌ವ್ಯೂ ಸಾಫ್ಟ್‌ವೇರ್ ಬಳಸುತ್ತಿದ್ದೆ. ಈಗಿನ ಕೆಲಸದಲ್ಲಿ ಎಲ್ಲ ಎಪಿಕ್ಸ್ (ದೊಡ್ಡ ಯಂತ್ರಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ವ್ಯವಸ್ಥೆ), ಪರದೆಗಳನ್ನು ಫೀಬಸ್‌ನಲ್ಲಿ ಮಾಡುತ್ತೇನೆ. ಬೀಮ್ ನೋಡುವ ಕ್ಯಾಮೆರಾದ ಚಿತ್ರ ಇಮೇಜ್ ವಿಜೆಟ್‌ನಲ್ಲಿ ಚೆನ್ನಾಗಿ ಬರುತ್ತದೆ. ಒಂದು ಭಾಗ ಮಾತ್ರ ದೊಡ್ಡದಾಗಿ ನೋಡೋಣ ಅಂತ ಎಕ್ಸ್ ಅಕ್ಷದ ಮಿನಿಮಮ್, ಮ್ಯಾಕ್ಸಿಮಮ್ ಬದಲಿಸಿದರೆ ಚಿತ್ರ ಅಲ್ಲಾಡುವುದೇ ಇಲ್ಲ, ಅಂಕಿ ಮಾತ್ರ ಬದಲಾಗುತ್ತದೆ. ಇದು ಬಗ್ ಅಲ್ವಾ? (ಓದುಗರು, ಲುಂಡ್, ಸ್ವೀಡನ್)

ಉತ್ತರ: ಬಗ್ ಅಲ್ಲ. ಒಂದೇ ಹೆಸರಲ್ಲಿ ಎರಡು ಬೇರೆ ಕೆಲಸ ನಡೆಯುತ್ತಿದೆ, ಅಷ್ಟೇ. ‘ಅಕ್ಷದ ಸ್ಕೇಲ್ ಬದಲಿಸು’ ಅಂದಾಗ ನೀವು ಎರಡರಲ್ಲಿ ಒಂದನ್ನು ಕೇಳುತ್ತಿರುತ್ತೀರಿ. ಚಿತ್ರದ ಯಾವ ಭಾಗ ತೋರಿಸಬೇಕು ಅನ್ನುವುದು ಒಂದು. ಒಂದು ಪಿಕ್ಸೆಲ್ ನಿಜವಾದ ಜಾಗದಲ್ಲಿ ಎಲ್ಲಿದೆ ಅನ್ನುವುದು ಇನ್ನೊಂದು. ಮೊದಲನೆಯದು ಬರೀ ನೋಟ, ಎರಡನೆಯದು ಅಳತೆ. ಒಂದೊಂದು ಸಾಫ್ಟ್‌ವೇರ್ ಮಿನಿಮಮ್-ಮ್ಯಾಕ್ಸಿಮಮ್ ಅನ್ನುವ ಹೆಸರನ್ನು ಒಂದೊಂದಕ್ಕೆ ಕೊಟ್ಟುಬಿಟ್ಟಿದೆ.

ಲ್ಯಾಬ್‌ವ್ಯೂನ ಇಂಟೆನ್ಸಿಟಿ ಗ್ರಾಫ್‌ನಲ್ಲಿ ಅದು ನೋಟದ ಗಡಿ. 1920 ಪಿಕ್ಸೆಲ್ ಅಗಲದ ಚಿತ್ರವಿದ್ದಾಗ ಮ್ಯಾಕ್ಸಿಮಮ್ ಜಾಗದಲ್ಲಿ 96 ಅಂತ ಬರೆದರೆ ಎಡ ಅಂಚಿನ 96 ಕಾಲಂ ಮಾತ್ರ ದೊಡ್ಡದಾಗಿ ಕಾಣುತ್ತವೆ, ಉಳಿದದ್ದು ಪರದೆಯಾಚೆ ಹೋಗುತ್ತದೆ. ಆಟೋಸ್ಕೇಲ್ ಆನ್ ಇದ್ದರೆ ಅದೂ ನಿಲ್ಲುವುದಿಲ್ಲ, ಹೊಸ ಚಿತ್ರ ಬಂದ ಕೂಡಲೇ ವಾಪಸ್. ಅಲ್ಲಿ ಅಳತೆ ಬೇಕಾದರೆ ಆಫ್‌ಸೆಟ್ ಮತ್ತು ಮಲ್ಟಿಪ್ಲೈಯರ್ ಎಂಬ ಎರಡು ಬೇರೆ ಜಾಗಗಳಿವೆ. ಗ್ರಾಫ್‌ನ ಪ್ರಾಪರ್ಟೀಸ್‌ನಲ್ಲಿ ಸ್ಕೇಲ್ಸ್ ಟ್ಯಾಬ್‌ನಲ್ಲೂ ಸಿಗುತ್ತವೆ, ಓಡುವಾಗ ಬದಲಿಸಲು ಪ್ರಾಪರ್ಟಿ ನೋಡ್‌ನಲ್ಲೂ ಸಿಗುತ್ತವೆ. ಒಂದು ಪಿಕ್ಸೆಲ್ 0.05 ಮಿ.ಮೀ. ಆದರೆ ಮಲ್ಟಿಪ್ಲೈಯರ್ 0.05.

ಫೀಬಸ್‌ನ ಇಮೇಜ್ ವಿಜೆಟ್‌ನಲ್ಲಿ ಇದು ತಿರುಗಾ ಮುರುಗಾ. ಅಲ್ಲಿ ಮಿನಿಮಮ್ ಅಂದರೆ ಪೂರ್ತಿ ಚಿತ್ರದ ಒಂದು ಅಂಚಿನ ಬೆಲೆ, ಮ್ಯಾಕ್ಸಿಮಮ್ ಅಂದರೆ ಇನ್ನೊಂದು ಅಂಚಿನ ಬೆಲೆ. 0 ಮತ್ತು 96 ಅಂತ ಕೊಟ್ಟರೆ ಇಡೀ 1920 ಪಿಕ್ಸೆಲ್ 0ರಿಂದ 96ರವರೆಗೆ ಹರಡಿಕೊಳ್ಳುತ್ತದೆ. ನಿಮಗೆ ಅಂಕಿ ಮಾತ್ರ ಬದಲಾದದ್ದು ಇದೇ ಕಾರಣಕ್ಕೆ. ದೊಡ್ಡದು ಮಾಡಿ ನೋಡಬೇಕಾದರೆ ವಿಜೆಟ್‌ನ ಟೂಲ್‌ಬಾರ್‌ನಲ್ಲಿ ಝೂಮ್ ಇದೆ, ಅದಕ್ಕೂ ಈ ಎರಡು ಜಾಗಗಳಿಗೂ ಸಂಬಂಧವಿಲ್ಲ.

ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಬಳಸುವವರಿಗೂ ಇದೇ ಜೋಡಿ ಇದೆ. ಎಕ್ಸ್-ಲಿಮ್ ಬದಲಿಸಿದರೆ ಝೂಮ್, ಎಕ್ಸ್‌ಟೆಂಟ್ ಬದಲಿಸಿದರೆ ಅಳತೆ. ಹೊಸ ಸಾಫ್ಟ್‌ವೇರ್ ಕೈಗೆ ಬಂದಾಗ ಮೊದಲು ಇದೊಂದನ್ನು ಪರೀಕ್ಷೆ ಮಾಡಿಕೊಳ್ಳಿ, ಮ್ಯಾಕ್ಸಿಮಮ್ ಅನ್ನು ಅರ್ಧ ಮಾಡಿ ಚಿತ್ರ ಅಲ್ಲಾಡುತ್ತದಾ ನೋಡಿ. ಅಲ್ಲಾಡಿದರೆ ಅದು ನೋಟ, ಸುಮ್ನೆ ಕೂತಿದ್ದರೆ ಅದು ಅಳತೆ. ಮ್ಯಾನ್ಯುಯಲ್ ಓದುವುದಕ್ಕಿಂತ ಬೇಗ ಆಗುತ್ತದೆ.

ಪ್ರಶ್ನೆ: ನಾನು ಅಕ್ಷಕ್ಕೆ ಮಿ.ಮೀ. ಹಾಕಿಟ್ಟಿದ್ದೆ, ಸರಿಯಾಗಿಯೇ ಇತ್ತು. ಜೊತೆಯವರು ಕ್ಯಾಮೆರಾದ ಆರ್‌ಒಐ (ಚಿತ್ರದಲ್ಲಿ ಓದಬೇಕಾದ ಭಾಗ) ಮತ್ತು ಬಿನ್ನಿಂಗ್ (ಪಕ್ಕದ ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡುವುದು) ಬದಲಿಸಿದ ಮೇಲೆ ಎಲ್ಲ ಕೆಟ್ಟಿತು. ಪ್ರತಿ ಸಲ ಡಿಸ್‌ಪ್ಲೇ ಫೈಲ್ ತೆರೆದು ಅಂಕಿ ತಿದ್ದಬೇಕಾ? (ಓದುಗರು, ಬೆಂಗಳೂರು)

ಉತ್ತರ: ಕೈಯಲ್ಲಿ ಟೈಪ್ ಮಾಡಿದ ಅಂಕಿ ಹೀಗೆಯೇ ಕೈಕೊಡುವುದು. ಅದು ನೀವು ಟೈಪ್ ಮಾಡಿದ ದಿನ ನಿಜವಾಗಿತ್ತು, ಆಮೇಲೆ ಕ್ಯಾಮೆರಾ ಬದಲಾಯಿತು, ಅಂಕಿಗೆ ಯಾರೂ ಹೇಳಲಿಲ್ಲ. ಡಿಸ್‌ಪ್ಲೇ ಫೈಲ್‌ನಲ್ಲಿ ಅಳತೆಯ ಅಂಕಿಯೇ ಇರಬಾರದು ಅನ್ನುವುದು ನನ್ನ ಖಡಕ್ ಅಭಿಪ್ರಾಯ. ಅದು ಉಪಕರಣದ ಕಡೆಯಿಂದ, ಅಂದರೆ ಉಪಕರಣವನ್ನು ನಡೆಸುವ ಎಪಿಕ್ಸ್ ಪ್ರೋಗ್ರಾಂ ಆದ ಐಒಸಿಯಿಂದ ಬರಬೇಕು.

ಲೆಕ್ಕ ಹೀಗೆ. ಬೀಮ್ ಬೀಳುವ ಪರದೆಯ ಮೇಲೆ ಎರಡು ಗುರುತುಗಳಿವೆ, ನಡುವೆ 20 ಮಿ.ಮೀ. ಅಂದುಕೊಳ್ಳಿ. ಚಿತ್ರದಲ್ಲಿ ಅವು 400 ಪಿಕ್ಸೆಲ್ ದೂರ ಕಾಣುತ್ತವೆ. ಒಂದು ಪಿಕ್ಸೆಲ್‌ಗೆ 0.05 ಮಿ.ಮೀ. ಆಯಿತು. ಬೀಮ್‌ನ ನಡುಗೆರೆ 960ನೇ ಪಿಕ್ಸೆಲ್ ಹತ್ತಿರ ಇದೆ, ಅದನ್ನೇ ಸೊನ್ನೆ ಅನ್ನೋಣ. ಈಗ ಆರ್‌ಒಐ 600ನೇ ಪಿಕ್ಸೆಲ್‌ನಿಂದ ಶುರು, ಅಗಲ 800. ಎಡ ಅಂಚು 600ರಿಂದ 960 ಕಳೆದು 0.05ರಿಂದ ಗುಣಿಸಿದರೆ ಮೈನಸ್ 18 ಮಿ.ಮೀ. ಬಲ ಅಂಚು 1400ರಿಂದ 960 ಕಳೆದು ಗುಣಿಸಿದರೆ ಪ್ಲಸ್ 22. ವಿಜೆಟ್‌ನ ಮಿನಿಮಮ್, ಮ್ಯಾಕ್ಸಿಮಮ್‌ಗೆ ಈ ಎರಡು ಹೋಗಬೇಕು.

ಈಗ ಬಿನ್ನಿಂಗ್ 2 ಮಾಡಿ. ಎರಡೆರಡು ಪಿಕ್ಸೆಲ್ ಸೇರಿ ಒಂದಾಗಿ ಕ್ಯಾಮೆರಾದಿಂದ 400 ಕಾಲಂ ಮಾತ್ರ ಬರುತ್ತವೆ. ಆದರೆ ಕ್ಯಾಮೆರಾ ನೋಡುತ್ತಿರುವ ಜಾಗ ಅದೇ, ಹಾಗಾಗಿ ಅಕ್ಷ ಈಗಲೂ ಮೈನಸ್ 18ರಿಂದ ಪ್ಲಸ್ 22. ಬದಲಾಗಬೇಕಾದ್ದು ವಿಜೆಟ್‌ನ ಡೇಟಾ ವಿಡ್ತ್, ಅಂದರೆ ಒಂದು ಸಾಲಿಗೆ ಎಷ್ಟು ಕಾಲಂ ಅನ್ನುವುದು ಮಾತ್ರ. ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಬಂದ ಅರೇಯ ಅಗಲವನ್ನೇ 0.05ರಿಂದ ಗುಣಿಸಿದರೆ 40 ಮಿ.ಮೀ. ಜಾಗ 20 ಆಗುತ್ತದೆ, 2 ಮಿ.ಮೀ. ಇರುವ ಬೀಮ್ 1 ಮಿ.ಮೀ. ಅಂತ ಓದುತ್ತದೆ. ಕಣ್ಣಿಗೆ ಚಿತ್ರ ಹಾಗೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಬೀಮ್ ಚಿಕ್ಕದಾಯಿತು ಅಂತ ಖುಷಿಪಡುವವರೇ ಜಾಸ್ತಿ.

ಎಪಿಕ್ಸ್‌ನಲ್ಲಿ ಕ್ಯಾಮೆರಾ ನಡೆಸುವ ಏರಿಯಾಡಿಟೆಕ್ಟರ್ ಬಳಸುತ್ತಿದ್ದರೆ ಬೇಕಾದ ಪಿವಿಗಳೆಲ್ಲ (ಹೆಸರಿಟ್ಟು ಓದುವ-ಬರೆಯುವ ಬೆಲೆಗಳು) ಆಗಲೇ ಇವೆ. ಆರ್‌ಒಐ ಎಲ್ಲಿಂದ ಶುರು ಅನ್ನುವುದು ಮಿನ್-ಎಕ್ಸ್, ಅಗಲ ಸೈಜ್-ಎಕ್ಸ್, ಕೊನೆಗೆ ಹೊರಬರುವ ಅಗಲ ಅರೇಸೈಜ್-ಎಕ್ಸ್. ಮೊದಲ ಎರಡು ಬಿನ್ನಿಂಗ್‌ಗೆ ಮುಂಚಿನ ಪಿಕ್ಸೆಲ್‌ಗಳಲ್ಲಿ ಇರಬೇಕು ಅನ್ನುವುದು ಅದರ ಪದ್ಧತಿ. ಆದರೆ ಕ್ಯಾಮೆರಾ ಕಂಪನಿಗಳು ಎಲ್ಲರೂ ಒಂದೇ ಥರ ಇರುವುದಿಲ್ಲ, ನಿಮ್ಮದರಲ್ಲಿ ಬಿನ್ನಿಂಗ್ ಬದಲಿಸಿ ಸೈಜ್-ಎಕ್ಸ್ ಏನಾಗುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ಪಿಕ್ಸೆಲ್ ಅಳತೆ ಮತ್ತು ಸೊನ್ನೆ ಪಿಕ್ಸೆಲ್ ಇಡಲು ಐಒಸಿಯಲ್ಲಿ ಎರಡು ಎಒ ರೆಕಾರ್ಡ್ (ಒಂದು ಅಂಕಿ ಇಡುವ ಜಾಗ), ಅಂಚುಗಳನ್ನು ಲೆಕ್ಕ ಹಾಕಲು ಎರಡು ಕ್ಯಾಲ್ಕ್ ರೆಕಾರ್ಡ್ ಸಾಕು. ವೈಗೂ ಇಷ್ಟೇ. ಫೀಬಸ್ ಕಡೆ ಒಂದು ರೂಲ್ ಬರೆದು, ಎಕ್ಸ್ ಅಕ್ಷದ ಮಿನಿಮಮ್ ಪ್ರಾಪರ್ಟಿ ಆರಿಸಿ, ‘ವ್ಯಾಲ್ಯೂ ಆ್ಯಸ್ ಎಕ್ಸ್‌ಪ್ರೆಶನ್’ ಟಿಕ್ ಮಾಡಿ ಆ ಪಿವಿಯ ಬೆಲೆ ಕೊಟ್ಟರೆ ಮುಗಿಯಿತು. ಸ್ಕ್ರಿಪ್ಟ್ ಕೂಡ ಬೇಕಿಲ್ಲ.

ಇನ್ನೊಂದು ಉಪಾಯ ಇದೆ. ಎಪಿಕ್ಸ್ ಬೆಲೆಗಳನ್ನು ಸಾಗಿಸುವ ಹಳೆಯ ವಿಧಾನವಾದ ಚಾನೆಲ್ ಆ್ಯಕ್ಸೆಸ್‌ನಲ್ಲಿ ಚಿತ್ರ ಬರೀ ಉದ್ದದ ಒಂದು ಅಂಕಿಪಟ್ಟಿಯಾಗಿ ಬರುತ್ತದೆ, ಎಲ್ಲಿ ಸಾಲು ಮುರಿಯಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಡೇಟಾ ವಿಡ್ತ್ ತಪ್ಪಾದರೆ ಚಿತ್ರ ಓರೆಯಾಗಿ ಹರಿದ ಸೀರೆಯಂಚಿನ ಹಾಗೆ ಕಾಣುವುದು ಇದಕ್ಕೇ. ಹೊಸ ವಿಧಾನವಾದ ಪಿವಿಆ್ಯಕ್ಸೆಸ್ ಮೂಲಕ ಎನ್‌ಟಿ-ಎನ್‌ಡಿಅರೇ ಎಂಬ ರೂಪದಲ್ಲಿ ತಂದರೆ ಅಗಲ, ಎತ್ತರ, ಅಂಕಿಯ ಬಗೆ ಎಲ್ಲ ಚಿತ್ರದ ಜೊತೆಯಲ್ಲೇ ಬರುತ್ತವೆ, ವಿಜೆಟ್ ಅದನ್ನೇ ಓದಿಕೊಳ್ಳುತ್ತದೆ. ಮಿ.ಮೀ. ಅಳತೆಯನ್ನು ಆಗಲೂ ನೀವೇ ಕೊಡಬೇಕು.

ಆ ಗುರುತುಗಳ ಬಗ್ಗೆ ಒಂದು ಮಾತು. ಬೀಮ್ ದಾರಿಯಲ್ಲಿ ಪರದೆಯನ್ನು ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿ ಇಟ್ಟು, ಕ್ಯಾಮೆರಾವನ್ನು ಪಕ್ಕದಿಂದ 90 ಡಿಗ್ರಿಯಲ್ಲಿ ನೋಡಲು ಬಿಡುತ್ತಾರೆ. ಈ ಜೋಡಣೆಯಲ್ಲಿ ಬೀಮ್‌ನ ಅಗಲ ಕ್ಯಾಮೆರಾಗೆ ಇದ್ದಷ್ಟೇ ಕಾಣುತ್ತದೆ. ಮೋಸ ಮಾಡುವುದು ಗುರುತುಗಳು! ಓರೆಯಾದ ಮೈಮೇಲೆ 20 ಮಿ.ಮೀ. ಅಂತರದಲ್ಲಿ ಕೊರೆದದ್ದು ಕ್ಯಾಮೆರಾಗೆ 14.14 ಮಿ.ಮೀ. ಆಗಿ ಕಾಣುತ್ತದೆ. ಮೇಲಿನ ಉದಾಹರಣೆಯಲ್ಲಿ ಓರೆಯ ದಿಕ್ಕಿನ ಗುರುತುಗಳು 400 ಪಿಕ್ಸೆಲ್ ಬದಲು 283 ಪಿಕ್ಸೆಲ್ ದೂರ ಇರುತ್ತವೆ, 20ನ್ನು 283ರಿಂದ ಭಾಗಿಸಿದರೆ 0.0707 ಅಂತ ಬರುತ್ತದೆ, ಅದು ತಪ್ಪು. 14.14ನ್ನು ಭಾಗಿಸಬೇಕು, ಆಗ ಮತ್ತೆ 0.05. ಕೆಲವು ವರ್ಕ್‌ಶಾಪ್‌ನವರು ಜಾಣರು, ಓರೆಯನ್ನು ಲೆಕ್ಕ ಹಾಕಿಯೇ ಗುರುತು ಕೊರೆದಿರುತ್ತಾರೆ. ಡ್ರಾಯಿಂಗ್ ತರಿಸಿ ನೋಡದೆ ಭಾಗಿಸಬೇಡಿ.

ಪ್ರಶ್ನೆ: ವೈ ಅಕ್ಷ ತಲೆಕೆಳಗಾಗಿದೆ. ಅಂಕಿ ತಿರುಗಿಸಿದೆ. ಈಗ ಸರಿಯಾಯಿತಾ ಅಂತ ಹೇಗೆ ತಿಳಿಯುವುದು? (ಓದುಗರು, ಮಂಗಳೂರು)

ಉತ್ತರ: ಕಂಪ್ಯೂಟರ್ ಚಿತ್ರದಲ್ಲಿ ಸೊನ್ನೆಯ ಸಾಲು ಮೇಲಿರುತ್ತದೆ, ಭೌತಶಾಸ್ತ್ರದವರಿಗೆ ಮೇಲಕ್ಕೆ ಹೋದಷ್ಟೂ ವೈ ಜಾಸ್ತಿ ಆಗಬೇಕು. ಜಗಳ ಅಲ್ಲಿಂದ ಶುರು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆರಿಜಿನ್ ಅನ್ನು ಲೋವರ್ ಮಾಡಿದರೆ ಚಿತ್ರ ಮತ್ತು ಅಂಕಿ ಎರಡೂ ತಿರುಗುತ್ತವೆ. ಬೇರೆ ಕಡೆ ಅಂಕಿ ಮಾತ್ರ ತಿರುಗಿ ಚಿತ್ರ ಹಾಗೇ ಉಳಿಯಬಹುದು. ಜೊತೆಗೆ ನಡುವೆ ಒಂದು ಕನ್ನಡಿ ಇದ್ದರೆ ಎಡ-ಬಲವೂ ಹೋಯಿತು. ಲ್ಯಾಬ್‌ವ್ಯೂನಲ್ಲಿ ಸಾಲು-ಕಾಲಂ ಅದಲುಬದಲಾಗಿ ಚಿತ್ರವೇ ಮಗ್ಗುಲಾಗಿ ಬರುತ್ತದೆ, ಅದಕ್ಕೆ ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಟ್ರಾನ್ಸ್‌ಪೋಸ್ ಅರೇ ಆರಿಸಬೇಕು.

ತಲೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ಒಂದು ಚೀಟಿಯ ಮೇಲೆ ದಪ್ಪಗೆ ‘ಅ’ ಬರೆದು ಬೀಮ್ ಬೀಳುವ ಪರದೆಯ ಜಾಗದಲ್ಲಿ ಹಿಡಿಯಿರಿ. ‘ಠ’ ಬೇಡ, ಅದು ಹೇಗೆ ತಿರುಗಿದರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ‘ಅ’ ನೇರವಾಗಿ ಓದಲು ಬಂದರೆ ಚಿತ್ರ ಸರಿ. ಆಮೇಲೆ ಚೀಟಿಯನ್ನು ಮೇಲಕ್ಕೆ ಸರಿಸಿ, ಕರ್ಸರ್ ಓದುವ ವೈ ಬೆಲೆ ಏರಿದರೆ ಅಂಕಿಯೂ ಸರಿ. ಎರಡೂ ಬೇರೆ ಬೇರೆ ಪರೀಕ್ಷೆ, ಎರಡನ್ನೂ ಮಾಡಿ.

ಪ್ರಶ್ನೆ: ಲೇಸರ್ ಚುಕ್ಕೆಯ ನಡುವೆ, ಅತಿ ಹೆಚ್ಚು ಬೆಳಕಿರಬೇಕಾದ ಜಾಗದಲ್ಲೇ ಕಪ್ಪು ತೂತು ಕಾಣುತ್ತದೆ. ಬೆಳಕು ಕಡಿಮೆ ಮಾಡಿದರೆ ತೂತು ಮಾಯ. ಕ್ಯಾಮೆರಾ ಸುಟ್ಟಿದೆಯಾ? (ಓದುಗರು, ಸುರತ್ಕಲ್)

ಉತ್ತರ: ಸುಟ್ಟಿಲ್ಲ, ಹೊಸ ಕ್ಯಾಮೆರಾಗೆ ಅರ್ಜಿ ಹಾಕಬೇಡಿ. ಇದು ಮೂರನೇ ಅಕ್ಷದ, ಅಂದರೆ ಬಣ್ಣದ ಸ್ಕೇಲ್‌ನ ತೊಂದರೆ. ನಿಮ್ಮದು 8 ಬಿಟ್ ಕ್ಯಾಮೆರಾ ಆಗಿದ್ದರೆ ಬೆಲೆ 0ರಿಂದ 255. ಚಾನೆಲ್ ಆ್ಯಕ್ಸೆಸ್‌ನಲ್ಲಿ ಇಂಥ ಚಿಹ್ನೆಯಿಲ್ಲದ ಅಂಕಿಗಳು ಚಿಹ್ನೆಯಿರುವ ಅಂಕಿಗಳ ವೇಷದಲ್ಲಿ ಬರುತ್ತವೆ. 127 ದಾಟಿದ್ದೆಲ್ಲ ಮೈನಸ್ ಆಗುತ್ತದೆ. 200 ಅನ್ನುವುದು ಮೈನಸ್ 56 ಆಗಿ ಬಂದರೆ ವಿಜೆಟ್ ಅದನ್ನು ಸೊನ್ನೆಗಿಂತ ಕೆಳಗಿನದು ಅಂದುಕೊಂಡು ಕಪ್ಪು ಬಳಿಯುತ್ತದೆ. ಇಮೇಜ್ ವಿಜೆಟ್‌ನಲ್ಲಿ ಅನ್‌ಸೈನ್ಡ್ ಡೇಟಾ ಅಂತ ಒಂದು ಟಿಕ್ ಇದೆ. ಹಾಕಿ, ತೂತು ಮುಚ್ಚುತ್ತದೆ. 16 ಬಿಟ್‌ನಲ್ಲಿ ಇದೇ ಕಥೆ 32767 ದಾಟಿದಾಗ ನಡೆಯುತ್ತದೆ.

ಬಣ್ಣದ ವಿಷಯ ಬಂತಲ್ಲ, ಪದೇ ಪದೇ ಕೇಳುವ ಇನ್ನೆರಡು ದೂರುಗಳನ್ನೂ ಇಲ್ಲೇ ಮುಗಿಸುತ್ತೇನೆ. ‘ಪೂರ್ತಿ ಕಪ್ಪು, ಏನೂ ಕಾಣಲ್ಲ’ ಅನ್ನುವವರದ್ದು ಬಹುತೇಕ 12 ಬಿಟ್ ಕ್ಯಾಮೆರಾ. ಅದು ಕೊಡುವ ದೊಡ್ಡ ಬೆಲೆ 4095, ಬರುವುದು 16 ಬಿಟ್ ಡಬ್ಬಿಯಲ್ಲಿ, ಸ್ಕೇಲ್ ಇರುವುದು 65535ರವರೆಗೆ. ಚಿತ್ರದ ಅತಿ ಬೆಳಕಿನ ಜಾಗವೂ ಸ್ಕೇಲ್‌ನ ಹದಿನಾರನೇ ಒಂದು ಭಾಗ ದಾಟುವುದಿಲ್ಲ. ಮ್ಯಾಕ್ಸಿಮಮ್ ಅನ್ನು 4095ಕ್ಕೆ ಇಳಿಸಿ. ಕೆಲವು ಕ್ಯಾಮೆರಾಗಳು ಅದೇ ಅಂಕಿಯನ್ನು 16ರಿಂದ ಗುಣಿಸಿ ಮೇಲಕ್ಕೆ ತಳ್ಳಿ ಕಳಿಸುತ್ತವೆ, ಆಗ 65535ರ ಸ್ಕೇಲೇ ಸರಿ. ಪಿಕ್ಸೆಲ್ ಬೆಲೆಗಳೆಲ್ಲ 16ರ ಮಗ್ಗಿಯಲ್ಲೇ ಇದ್ದರೆ ನಿಮ್ಮದು ಆ ಜಾತಿ.

ಇನ್ನೊಂದು ಆಟೋಸ್ಕೇಲ್. ಒಂದೇ ಒಂದು ಕೆಟ್ಟ ಪಿಕ್ಸೆಲ್ ಅಥವಾ ಒಂದು ಕಾಸ್ಮಿಕ್ ಕಿರಣ ಸಾಕು, ಮ್ಯಾಕ್ಸಿಮಮ್ ಅದಕ್ಕೇ ಹೋಗಿ ಕೂರುತ್ತದೆ, ಉಳಿದ ಚಿತ್ರ ಕತ್ತಲು. ಅದಕ್ಕಿಂತ ಕೆಟ್ಟದ್ದು, ಬೀಮ್ ಅರ್ಧಕ್ಕೆ ಇಳಿದರೂ ಆಟೋಸ್ಕೇಲ್ ಚಿತ್ರವನ್ನು ಅಷ್ಟೇ ಹೊಳೆಯುವಂತೆ ತೋರಿಸುತ್ತದೆ. ಹುಡುಕಾಡುವಾಗ ಆಟೋಸ್ಕೇಲ್ ಇರಲಿ. ಕಂಟ್ರೋಲ್ ರೂಮಿನಲ್ಲಿ ಹಗಲು-ರಾತ್ರಿ ಗೋಡೆಯ ಮೇಲೆ ಓಡುವ ಪರದೆಗೆ ಗಟ್ಟಿ ಸ್ಕೇಲ್ ಹಾಕಿ, ಜೊತೆಗೆ ಕಲರ್ ಬಾರ್ ಕಾಣುವಂತಿರಲಿ.

ಪ್ರಶ್ನೆ: ಝೂಮ್ ಮಾಡಿದ ಒಂದು ಸೆಕೆಂಡಿಗೆ ಚಿತ್ರ ತಾನೇ ಮೊದಲಿನಂತೆ ಆಗುತ್ತದೆ. (ಓದುಗರು, ಹುಬ್ಬಳ್ಳಿ)

ಉತ್ತರ: ನಿಮ್ಮ ಸ್ಕ್ರಿಪ್ಟ್ ಪ್ರತಿ ಫ್ರೇಮ್‌ಗೂ ಅಕ್ಷದ ಗಡಿಯನ್ನು ಮತ್ತೆ ಬರೆಯುತ್ತಿರಬೇಕು. ಬೆಲೆ ಬದಲಾಗದಿದ್ದರೂ ಬರೆದದ್ದು ಬರೆದದ್ದೇ, ನೋಟ ಹಿಂದಕ್ಕೆ ಹೋಗುತ್ತದೆ. ಸ್ಕ್ರಿಪ್ಟನ್ನು ಚಿತ್ರದ ಪಿವಿಗೆ ಕಟ್ಟಬೇಡಿ, ಆರ್‌ಒಐ ಪಿವಿಗೆ ಕಟ್ಟಿ. ಹಳೆ ಬೆಲೆಗೂ ಹೊಸದಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ಬರೆಯಿರಿ.

ಪ್ರಶ್ನೆ: ಬೆಳಕನ್ನು ಬಣ್ಣಗಳಾಗಿ ಹರಡುವ ಸ್ಪೆಕ್ಟ್ರೋಗ್ರಾಫ್ ಹಿಂದೆ ಕ್ಯಾಮೆರಾ ಇಟ್ಟಿದ್ದೇವೆ. ಎಕ್ಸ್ ಅಕ್ಷಕ್ಕೆ ಪಿಕ್ಸೆಲ್ ಬದಲು ನ್ಯಾನೋಮೀಟರ್ ಬೇಕು. ಎರಡು ಪಾದರಸದ ಗೆರೆ ಹಿಡಿದು ಎರಡೂ ಅಂಚಿನ ಬೆಲೆ ಕೊಟ್ಟೆ. ಆ ಎರಡು ಗೆರೆ ಸರಿಯಾಗಿವೆ, ನಡುವಿನದು ಮಾತ್ರ ಸರಿದಿದೆ. (ಓದುಗರು, ಧಾರವಾಡ)

ಉತ್ತರ: ಸರಿಯಲೇಬೇಕು. ಎರಡು ಅಂಚಿನ ಬೆಲೆ ಕೊಟ್ಟಾಗ ಸಾಫ್ಟ್‌ವೇರ್ ನಡುವೆ ಸಮನಾಗಿ ಹಂಚುತ್ತದೆ. ಸ್ಪೆಕ್ಟ್ರೋಗ್ರಾಫ್‌ನಲ್ಲಿ ಬಣ್ಣ ಬಿಡಿಸುವ ಗ್ರೇಟಿಂಗ್ ಹಾಗೆ ಸಮನಾಗಿ ಹಂಚುವುದಿಲ್ಲ, ಅದರದ್ದು ಸ್ವಲ್ಪ ಬಾಗಿದ ಲೆಕ್ಕ. ಪಾದರಸದ 404.66 ನ್ಯಾ.ಮೀ. ಗೆರೆ 100ನೇ ಪಿಕ್ಸೆಲ್‌ನಲ್ಲಿ, 579.07ರ ಗೆರೆ 1900ನೇ ಪಿಕ್ಸೆಲ್‌ನಲ್ಲಿ ಬಿದ್ದಿದೆ ಅಂದುಕೊಳ್ಳಿ. ಸಮ ಹಂಚಿಕೆಯ ಪ್ರಕಾರ 546.07ರ ಹಸಿರು ಗೆರೆ 1559ರ ಹತ್ತಿರ ಇರಬೇಕು. ನಿಜವಾಗಿ 1548ರಲ್ಲಿದ್ದರೆ 11 ಪಿಕ್ಸೆಲ್ ತಪ್ಪು, ಸುಮಾರು 1 ನ್ಯಾ.ಮೀ. ಪಾದರಸದ ಹಳದಿ ಜೋಡಿ 576.96 ಮತ್ತು 579.07, ಅವುಗಳ ನಡುವೆಯೇ ಇರುವುದು 2 ನ್ಯಾ.ಮೀ. ಚಿಲ್ಲರೆ. ಅದರ ಮುಂದೆ ಈ ತಪ್ಪು ಸಣ್ಣದಲ್ಲ.

ಮಿನಿಮಮ್-ಮ್ಯಾಕ್ಸಿಮಮ್ ಎಷ್ಟು ತಿರುಚಿದರೂ ಬಾಗಿದ್ದು ನೇರ ಆಗುವುದಿಲ್ಲ. ದಾರಿ ಎರಡು. ಪಾದರಸದ ನಾಲ್ಕೈದು ಗೆರೆ ಹಿಡಿದು ಪಿಕ್ಸೆಲ್‌ನಿಂದ ತರಂಗಾಂತರಕ್ಕೆ ಎರಡನೇ ಘಾತದ ಸಮೀಕರಣ ಕೂರಿಸಿ. 435.83 ಮತ್ತು 546.07 ಹಳೆಯ, ಎಲ್‌ಇಡಿ ಅಲ್ಲದ ಟ್ಯೂಬ್‌ಲೈಟ್‌ನಲ್ಲೂ ಚೆನ್ನಾಗಿ ಕಾಣುತ್ತವೆ, ದೀಪಕ್ಕೆ ಕಾಯಬೇಕಿಲ್ಲ. ಆಮೇಲೆ ಒಂದೋ ಚಿತ್ರವನ್ನೇ ಸಮ ಅಂತರದ ತರಂಗಾಂತರಗಳಿಗೆ ಮರುಹಂಚಿಕೆ ಮಾಡಿ ಆ ಹೊಸ ಚಿತ್ರವನ್ನು ಪರದೆಗೆ ಕಳಿಸಿ, ಆಗ ನೇರ ಅಕ್ಷ ಸರಿಹೋಗುತ್ತದೆ. ಇಲ್ಲವೇ ಚಿತ್ರದ ಅಕ್ಷವನ್ನು ಪಿಕ್ಸೆಲ್‌ನಲ್ಲೇ ಬಿಟ್ಟು, ಕೆಳಗೆ ಬೇರೆ ಗ್ರಾಫ್‌ನಲ್ಲಿ ಎಕ್ಸ್ ಬೆಲೆಗಳ ಪಟ್ಟಿ ಕೊಟ್ಟು ಸ್ಪೆಕ್ಟ್ರಮ್ ಎಳೆಯಿರಿ. ನನಗೆ ಎರಡನೆಯದು ಇಷ್ಟ. ಮರುಹಂಚಿಕೆ ಮಾಡಿದ ಚಿತ್ರದಲ್ಲಿ ಪಕ್ಕದ ಪಿಕ್ಸೆಲ್‌ಗಳು ಒಂದಕ್ಕೊಂದು ಬೆರೆತಿರುತ್ತವೆ, ಕೆಟ್ಟ ಪಿಕ್ಸೆಲ್ ಯಾವುದು ಅಂತ ಹುಡುಕುವುದೂ ಕಷ್ಟ.

ಪ್ರಶ್ನೆ: ಲಡಾಖ್‌ನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದ ನಡೆಸುತ್ತಾರಂತೆ. ಅಲ್ಲಿ ಪರದೆಯ ಮೇಲೆ ಬರುವ ಚಿತ್ರದಲ್ಲಿ ಅಳತೆ ಹೇಗೆ ಹಾಕುತ್ತಾರೆ? ಮಿ.ಮೀ. ಅಂತೂ ಇರಲಿಕ್ಕಿಲ್ಲ. (ಶಾಲಾ ಶಿಕ್ಷಕರು, ಕೋಲಾರ)

ಉತ್ತರ: ನಿಜ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಸುಮಾರು 4500 ಮೀಟರ್ ಎತ್ತರದಲ್ಲಿದೆ, ಅದನ್ನು ಹೊಸಕೋಟೆಯ ಕ್ರೆಸ್ಟ್ ಆವರಣದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಆಕಾಶದಲ್ಲಿ ಅಳತೆ ಕೋನದಲ್ಲಿ. ಅಲ್ಲಿನ ಎಚ್‌ಎಫ್‌ಒಎಸ್‌ಸಿ ಉಪಕರಣದಲ್ಲಿ ಒಂದು ಪಿಕ್ಸೆಲ್ 0.296 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ನಲ್ಲಿ 60 ಆರ್ಕ್‌ಸೆಕೆಂಡ್). 2048 ಪಿಕ್ಸೆಲ್ ಅಗಲಕ್ಕೆ ಸುಮಾರು 606 ಆರ್ಕ್‌ಸೆಕೆಂಡ್, ಅಂದರೆ 10 ಆರ್ಕ್‌ಮಿನಿಟ್, ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಭಾಗ.

ಮಕ್ಕಳ ಜೊತೆ ನೀವೂ ಮಾಡಬಹುದು. ಪಿಕ್ಸೆಲ್‌ನ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206.265ರಿಂದ ಗುಣಿಸಿ, ದೂರದರ್ಶಕದ ಸಂಗಮ ದೂರವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು ಭಾಗಿಸಿ. 3.75 ಮೈಕ್ರಾನ್ ಪಿಕ್ಸೆಲ್, 1000 ಮಿ.ಮೀ. ಸಂಗಮ ದೂರ ಆದರೆ ಒಂದು ಪಿಕ್ಸೆಲ್‌ಗೆ 0.77 ಆರ್ಕ್‌ಸೆಕೆಂಡ್. ಚಂದ್ರ ಸುಮಾರು 1800 ಆರ್ಕ್‌ಸೆಕೆಂಡ್, ಹಾಗಾಗಿ 2300 ಪಿಕ್ಸೆಲ್‌ನಷ್ಟು ಅಗಲ ಬರುತ್ತಾನೆ. ಚಿಕ್ಕ ಕ್ಯಾಮೆರಾದಲ್ಲಿ ಪೂರ್ತಿ ಹಿಡಿಯುವುದಿಲ್ಲ ಅಂತ ಮೊದಲೇ ಹೇಳಿಬಿಡಿ.

ಖಗೋಳದವರು ಅಳತೆಯನ್ನು ಚಿತ್ರದ ಫೈಲ್‌ನೊಳಗೇ ಬರೆದಿಡುತ್ತಾರೆ. ಫಿಟ್ಸ್ ಫೈಲ್‌ನ ಹೆಡರ್‌ನಲ್ಲಿ ಯಾವ ಪಿಕ್ಸೆಲ್ ಆಧಾರ, ಅದು ಆಕಾಶದಲ್ಲಿ ಎಲ್ಲಿ, ಒಂದು ಪಿಕ್ಸೆಲ್‌ಗೆ ಎಷ್ಟು ಅನ್ನುವುದೆಲ್ಲ ಇರುತ್ತದೆ. ಯಾವ ತಂತ್ರಾಂಶದಲ್ಲಿ ತೆರೆದರೂ ಅಳತೆ ಜೊತೆಗೇ ಬರುತ್ತದೆ. ಒಂದೇ ಕಿರಿಕಿರಿ ಅಂದರೆ ಫಿಟ್ಸ್‌ನಲ್ಲಿ ಮೊದಲ ಪಿಕ್ಸೆಲ್‌ನ ನಡುಬಿಂದು 1, ಪೈಥಾನ್‌ನಲ್ಲಿ 0. ಒಂದು ಪಿಕ್ಸೆಲ್ ವ್ಯತ್ಯಾಸ ಬಂದರೆ ಗಾಬರಿ ಬೇಡ.

ಪ್ರಶ್ನೆ: ಸೂಕ್ಷ್ಮದರ್ಶಕದ ಚಿತ್ರಗಳನ್ನು ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ಅಳೆಯುತ್ತೇನೆ. ಒಂದೇ ಜೀವಕೋಶ ಒಂದು ಚಿತ್ರದಲ್ಲಿ 12 ಮೈಕ್ರಾನ್, ಇನ್ನೊಂದರಲ್ಲಿ 3 ಮೈಕ್ರಾನ್ ಬರುತ್ತಿದೆ. (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಸರಿಯಾಗಿ ನಾಲ್ಕು ಪಟ್ಟು ವ್ಯತ್ಯಾಸ, ಅಲ್ವಾ? ಒಂದು ಚಿತ್ರ 40 ಪಟ್ಟು ಮಸೂರದ್ದು, ಇನ್ನೊಂದು 10 ಪಟ್ಟಿನದ್ದು ಇರಬೇಕು. ಸೆಟ್ ಸ್ಕೇಲ್ ಕಿಟಕಿಯಲ್ಲಿ ಗ್ಲೋಬಲ್ ಅನ್ನುವ ಟಿಕ್ ತೆಗೆಯಿರಿ. ಅದಿದ್ದರೆ ಒಂದು ಚಿತ್ರಕ್ಕೆ ಹಾಕಿದ ಅಳತೆ ತೆರೆದ ಎಲ್ಲ ಚಿತ್ರಕ್ಕೂ ಅಂಟಿಕೊಳ್ಳುತ್ತದೆ. 6.5 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾಗೆ 40 ಪಟ್ಟಿನಲ್ಲಿ 0.1625 ಮೈಕ್ರಾನ್, 10 ಪಟ್ಟಿನಲ್ಲಿ 0.65. ಕ್ಯಾಮೆರಾ ಮುಂದೆ 0.5 ಪಟ್ಟಿನ ಅಡಾಪ್ಟರ್ ಇದ್ದರೆ ಇವೆರಡೂ ಇಮ್ಮಡಿ. ಅಡಾಪ್ಟರ್ ಇದೆಯಾ ಅಂತ ಕಣ್ಣಾರೆ ನೋಡಿ, ಅದರ ಮೈಮೇಲೇ ಬರೆದಿರುತ್ತದೆ. ಆದರೂ ಒಮ್ಮೆ ಗೆರೆ ಹಾಕಿದ ಮೈಕ್ರೋಮೀಟರ್ ಸ್ಲೈಡ್ ಇಟ್ಟು ಪರೀಕ್ಷಿಸಿ, ಮಸೂರದ ಮೇಲೆ ಬರೆದ 40 ಯಾವಾಗಲೂ ಪಕ್ಕಾ 40 ಇರುವುದಿಲ್ಲ.

ಪ್ರಶ್ನೆ: ಅಕ್ಷದ ಹೆಸರು, ಯುನಿಟ್ ಕನ್ನಡದಲ್ಲಿ ಬರೆಯಬಹುದಾ? ನಮ್ಮಲ್ಲಿ ತಂತ್ರಜ್ಞರೆಲ್ಲ ಕನ್ನಡದವರೇ. (ಓದುಗರು, ಶಿವಮೊಗ್ಗ)

ಉತ್ತರ: ಹೆಸರು ಧಾರಾಳವಾಗಿ ಬರೆಯಿರಿ. ಫೀಬಸ್ ಜಾವಾದಲ್ಲಿದೆ, ಯೂನಿಕೋಡ್‌ಗೆ ತಕರಾರಿಲ್ಲ, ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇದ್ದರೆ ಸಾಕು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಪಕ್ಕ ಕೂರುವುದುಂಟು. ‘ಅಕ್ಷ’ ಎಂಬ ಪದವೇ ಅಲ್ಲಿ ಕೆಟ್ಟು ಬರಬಹುದು, ಮುದ್ರಿಸುವ ಮುಂಚೆ ನೋಡಿಕೊಳ್ಳಿ.

ಯುನಿಟ್ ವಿಷಯ ಬೇರೆ. ಚಾನೆಲ್ ಆ್ಯಕ್ಸೆಸ್‌ನಲ್ಲಿ ಯುನಿಟ್‌ಗೆ ಇರುವ ಜಾಗ 8 ಬೈಟ್ ಮಾತ್ರ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ 3 ಬೈಟ್ ಬೇಕು. ‘ಮಿ.ಮೀ.’ ಅನ್ನಲು 14 ಬೈಟ್ ಆಗುತ್ತದೆ, ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ರೆಕಾರ್ಡ್‌ನ ಯುನಿಟ್ ಜಾಗದಲ್ಲಿ ಇಂಗ್ಲಿಷಿನ ಎರಡು ಅಕ್ಷರವೇ ಇರಲಿ, ‘ಬೀಮ್‌ನ ಅಡ್ಡ ಸ್ಥಾನ, ಮಿ.ಮೀ.’ ಅಂತ ವಿಜೆಟ್‌ನ ಅಕ್ಷದ ಶೀರ್ಷಿಕೆಯಲ್ಲಿ ಬರೆಯಿರಿ.